ಯಾವುದರ ವೀಣೆ?

ಮಧುಗಿರಿಯ ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಮೇಷ್ಟ್ರು, ಹಾಡು ಶುರುವಾಗುವ ಮೊದಲು ಬೆರಳುಗಳನ್ನು ಅಂಗಿಯ ತುದಿಗೆ ಒರೆಸಿಕೊಳ್ಳುತ್ತಿದ್ದರು. ವಾದ್ಯಗಳ ದನಿಯೆಲ್ಲ ಲ್ಯಾಪ್‌ಟಾಪಿನಲ್ಲೇ ಸಿಗುವಂತಾದ ಮೇಲೆ, "ಅದ್ರಲ್ಲಿ ಜೀವ ಇಲ್ಲ ಕಣಮ್ಮ" ಎಂದು ಗಾಯಕಿಯಾದ ನನಗೆ ದಿನಾ ಹೇಳುತ್ತಿದ್ದರು.

ಕೊರಟಗೆರೆಯ ಮದುವೆಯೊಂದಕ್ಕೆ ತಾಲೀಮು ನಡೆದಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕುಳಿತು, ಕೀಬೋರ್ಡು, ಲ್ಯಾಪ್‌ಟಾಪು ಎರಡರಲ್ಲೂ ವೀಣೆಯ ದನಿ ಕೇಳಿಸಲು ಹೇಳಿದರು. ಕೇಳಿಸಿದೆ.

"ಎರಡ್ನೇದು ನೋಡು, ನಮ್ದು!"

"ಅದು ಲ್ಯಾಪ್‌ಟಾಪು, ಮೇಷ್ಟ್ರೇ."

"ಇನ್ನೊಂದ್ಸಲ ಹಾಕಮ್ಮ."

ಕ್ರಮ ಬದಲಿಸಿ ಹಾಕಿದೆ; ಮತ್ತೆ ಲ್ಯಾಪ್‌ಟಾಪಿನ ದನಿಯನ್ನೇ ತಮ್ಮದೆಂದರು. ಕಣ್ಣು ಬಿಟ್ಟು, ತಮ್ಮ ಕೀಬೋರ್ಡಿನ ಸ್ವಿಚ್ ಆರಿಸಿ, ಸದ್ದಿಲ್ಲದ ಕೀಗಳ ಮೇಲೆ ಇಡೀ ಹಾಡು ನುಡಿಸಿದರು.

"ಕೈಗೆ ಗೊತ್ತಾಯ್ತದೆ ಕಣಮ್ಮ. ಕಿವಿಗೆ ಯಾಕೆ ಗೊತ್ತಾಗ್ಲಿಲ್ಲ?"

ಮದುವೆಗೆ ಅವರು ಕೀಬೋರ್ಡು, ಲ್ಯಾಪ್‌ಟಾಪು ಎರಡನ್ನೂ ಹೊತ್ತು ತಂದಿದ್ದರು.