ಸೊನ್ನೆ ತರುವ ವಿದ್ಯೆ

ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ ಇದ್ದದ್ದು ಒಂದೇ, ಅದು ಚಹಾದ ಕೆಟಲ್ಲಿನ ಪಿತ್ರಾರ್ಜಿತ ಆಸ್ತಿಯಾಗಿತ್ತು. ಬಿಡುವಿನ ಹೊತ್ತಿಗೆ ಅದು ಗುಳುಗುಳು ಎನ್ನತೊಡಗಿದರೆ ಸಾಕು, ಬೀಜಗಣಿತದಿಂದ ಬೇಸತ್ತವರು, ಸಂಧಿ ಸಮಾಸಗಳಿಂದ ಸುಸ್ತಾದವರು, ಎಂಟನೆಯ ತರಗತಿಯಿಂದ ಜೀವಸಹಿತ ಹೊರಬಂದವರು ಎಲ್ಲರೂ ಅದರ ಸುತ್ತ ಸೇರುತ್ತಿದ್ದೆವು. ಒಂದು ದಿನ ಹೋಗಿ ನೋಡಿದರೆ ಕೆಟಲ್ಲು ಕಿಟಕಿಯ ಕಟ್ಟೆಯ ಮೇಲೆ ತಣ್ಣಗೆ ಕೂತಿದೆ, ಪ್ಲಗ್ಗಿನಿಂದ ಕವಲೊಡೆದ ವೈರುಗಳ ತುದಿಯಲ್ಲಿ ಟ್ಯಾಬುಗಳು ಸಾಲಾಗಿ ಮಲಗಿ ಕರೆಂಟು ಕುಡಿಯುತ್ತಿವೆ. ಪಕ್ಕದ ಪಿಂಪ್ರಿಯ ಯಾವುದೋ ಕಾರ್ಖಾನೆಯವರು ತಮಗೆ ಹಳತಾದವನ್ನು ನಮಗೆ ಹೊಸತೆಂದು ದಾನ ಮಾಡಿದ್ದರು. ಡಿಜಿಟಲ್ ಶಿಕ್ಷಣದ ಬಗ್ಗೆ ನನ್ನ ಮಾತಿನಲ್ಲಿ ಎಲ್ಲಾದರೂ ಕಹಿ ಕಂಡರೆ, ಓದುಗ ಮಿತ್ರರೇ, ಅದಕ್ಕೆ ನನ್ನ ತಪ್ಪಿಹೋದ ಚಹಾ ಕಾರಣವೆಂದು ತಿಳಿದು ಕ್ಷಮಿಸಬೇಕು.

ನಾನು ಧಾರವಾಡದವಳು. ಮದುವೆಯಾಗಿ ಮರಾಠಿ ಸೀಮೆಯ ಚಿಂಚವಾಡಕ್ಕೆ ಬಂದು, ಮನೆಯಲ್ಲಿ ಕೂತು ಬೇಸರವಾಗಿ, ಇಲ್ಲಿಯ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಲು ಸೇರಿದವಳು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದೇನೆ. ನಮ್ಮ ಮಕ್ಕಳ ತಂದೆತಾಯಿಗಳು ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆನಿಂತವರು. ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹೆಬ್ಬೆರಳಿನ ಭಾಷೆ ಆಡುತ್ತಾರೆ. ಮೂರರಲ್ಲೂ ನನ್ನನ್ನು ಸೋಲಿಸುತ್ತಾರೆ.

ನಮ್ಮ ಮುಖ್ಯಾಧ್ಯಾಪಕ ಪಾಟೀಲ ಸರ್ ಗಣಿತದವರು. ವಿಮಾನ ನಗರದ ತಂಪು ಹೋಟೆಲೊಂದರಲ್ಲಿ ನಡೆದ ತರಬೇತಿ ಶಿಬಿರಕ್ಕೆ ಹೋಗಿ, ಊಟ ಚೆನ್ನಾಗಿತ್ತು ಎಂಬ ವರ್ತಮಾನದ ಜೊತೆಗೆ ‘ಆಟದ ಮೂಲಕ ಪಾಠ’ ಎಂಬ ಮಂತ್ರವನ್ನೂ ಹೊತ್ತು ತಂದರು. ಅಂದಿನಿಂದ ಎಂಟನೆಯ ತರಗತಿಗೆ ಶುಕ್ರವಾರದ ಕೊನೆಯ ಪಿರಿಯಡ್ಡು ಟ್ಯಾಬಿನ ಮೇಲೆ ರಸಪ್ರಶ್ನೆಯ ಆಟ. ಗೋಡೆಯ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಕೆಳಗೆ ನಾಲ್ಕು ಬಣ್ಣದ ಉತ್ತರಗಳು, ಹಿನ್ನೆಲೆಯಲ್ಲಿ ಎದೆ ಹೊಡೆದುಕೊಳ್ಳುವಂಥ ಸಂಗೀತ. ಸರಿ ಒತ್ತಿದವರಿಗೆ ಅಂಕ, ಬೇಗ ಒತ್ತಿದಷ್ಟೂ ಹೆಚ್ಚು; ತಪ್ಪು ಒತ್ತಿದವರಿಗೆ ಸೊನ್ನೆ. ಆಟ ಮುಗಿದೊಡನೆ ಮೊದಲಿನವರಿಂದ ಕಡೆಯವರ ತನಕ ಎಲ್ಲರ ಹೆಸರುಗಳೂ ಸಾಲಾಗಿ ಪರದೆಯ ಮೇಲೆ ಬರುತ್ತವೆ; ಆ ಪರದೆಯ ಚಿತ್ರವನ್ನು ನಾನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಇದಕ್ಕೆ ಪಾಟೀಲ ಸರ್ ಪಾರದರ್ಶಕತೆ ಎಂದು ಹೆಸರಿಟ್ಟಿದ್ದರು.

ಪ್ರಶ್ನೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಕಸುಬಿನ ಕಷ್ಟ ಮಾಡಿದವರಿಗೇ ಗೊತ್ತು. ಸರಿ ಉತ್ತರ ಪುಸ್ತಕದಲ್ಲಿ ಸಿದ್ಧವಾಗಿ ಕೂತಿರುತ್ತದೆ, ಎತ್ತಿ ಹಾಕಿದರಾಯಿತು. ಅದರ ಪಕ್ಕಕ್ಕೆ ಮೂರು ತಪ್ಪು ಉತ್ತರಗಳನ್ನು ಹುಡುಕುವುದಿದೆಯಲ್ಲ, ಅದಕ್ಕೆ ಒಂದಿಡೀ ಸಂಜೆ ಬೇಕು. ತಪ್ಪು ಉತ್ತರ ತೀರಾ ಪೆದ್ದಾಗಿದ್ದರೆ ಮಕ್ಕಳು ನಗುತ್ತಾರೆ, ತೀರಾ ಜಾಣವಾಗಿದ್ದರೆ ಪಾಲಕರು ಜಗಳಕ್ಕೆ ಬರುತ್ತಾರೆ. ಆದರೂ ಹೇಳಬೇಕೆಂದರೆ ನನಗೆ ಆ ಕೆಲಸ ರುಚಿಸತೊಡಗಿತ್ತು, ಮಕ್ಕಳಿಗೂ ಆಟ ಹಿಡಿಸಿತ್ತು. ಇಷ್ಟು ವರ್ಷ ಭೂಪಟ ಬಿಚ್ಚಿದೊಡನೆ ಆಕಳಿಸುತ್ತಿದ್ದ ವರ್ಗವೇ ಈಗ ಬ್ರಹ್ಮಪುತ್ರದ ಉಪನದಿಗಳಿಗಾಗಿ ಬೆಂಚು ಹತ್ತಿ ಕುಣಿಯುತ್ತಿತ್ತು.

ಕುಣಿಯದವಳು ಶ್ರಾವಣಿ. ಪ್ರತಿ ಶುಕ್ರವಾರ ಪಟ್ಟಿಯ ತಳದಲ್ಲಿ ಇರುವ ಹೆಸರು ಅವಳದು. ಮೆತ್ತಗಿನ ಹುಡುಗಿ, ಓದಲು ಕೂತರೆ ಅಕ್ಷರಗಳ ಜೊತೆ ಸಂಧಾನ ಮಾಡಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕು, ಆಟದ ಸಂಗೀತ ಆ ಹೊತ್ತನ್ನು ಕೊಡುವುದಿಲ್ಲ. ನಾವು ಚಿಕ್ಕವರಿದ್ದಾಗಲೂ ಕಡೆಯ ನಂಬರು ಯಾರಿಗಾದರೂ ಬರುತ್ತಿತ್ತು, ಆದರೆ ಪ್ರಗತಿಪತ್ರಕ ಚೀಲದ ತಳದಲ್ಲಿ ಮಡಚಿಕೊಂಡು ಮನೆಗೆ ಹೋಗುತ್ತಿತ್ತು, ಅಪ್ಪನ ಸಹಿಗೆ ಒಳ್ಳೆಯ ಮುಹೂರ್ತ ನೋಡುವ ಸ್ವಾತಂತ್ರ್ಯವಾದರೂ ನಮಗಿತ್ತು. ಈಗ ಮಗಳು ಶಾಲೆಯ ಮೆಟ್ಟಿಲಿಳಿಯುವ ಮೊದಲೇ ಅವಳ ಸೋಲು ಕಾರ್ಖಾನೆಯಲ್ಲಿರುವ ಅಪ್ಪನ ಜೇಬಿನಲ್ಲಿ ಟಿಣ್ ಎನ್ನುತ್ತದೆ. ಮಗರಪಟ್ಟಾದಲ್ಲಿರುವ ನನ್ನ ತಂಗಿಯ ಕಟ್ಟಡದವರು ದಿನಕ್ಕೆ ಯಾರು ಎಷ್ಟು ಹೆಜ್ಜೆ ನಡೆದರೆಂದು ಗುಂಪಿನಲ್ಲಿ ಪಟ್ಟಿ ಹಾಕುತ್ತಾರಂತೆ; ಅವಳು ಫೋನನ್ನು ಕೈಯಲ್ಲಿ ಹಿಡಿದು ಸೋಫಾದ ಮೇಲೆ ಕೂತೇ ಅಲ್ಲಾಡಿಸಿ ಮಾನ ಉಳಿಸಿಕೊಳ್ಳುತ್ತಾಳೆ. ದೊಡ್ಡವರಿಗೆ ಇಂಥ ಉಪಾಯಗಳಿವೆ. ಶ್ರಾವಣಿಗೆ ಇದ್ದದ್ದು ಶುಕ್ರವಾರದ ಹೊಟ್ಟೆನೋವು ಮಾತ್ರ.

ಒಂದು ದಿನ ಅವಳ ಅಪ್ಪ ಮಲ್ಲಪ್ಪ ಬಂದರು. ಇಂಡಿ ತಾಲೂಕಿನವರು, ವಾಹನದ ಬಿಡಿಭಾಗ ಮಾಡುವ ಕಡೆ ಕೆಲಸ. ಪಾಳಿ ಮುಗಿಸಿ ನೇರ ಬಂದಿದ್ದರು. ಮಗಳು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು.

“ಅಕ್ಕೋರ, ಗುಂಪಿನ್ಯಾಗ ಎಲ್ಲಾರೂ ನೋಡ್ತಾರ್ರೀ. ನಮ್ಮ ಲೈನಿನ್ಯಾಗ ಕೆಲಸ ಮಾಡವರ ಮಕ್ಕಳೂ ಇದ ಸಾಲ್ಯಾಗ ಅದಾರ. ಇಕಿ ತಲಿಗೆ ಅಭ್ಯಾಸ ಹತ್ತೂದಿಲ್ಲ ಕಾಣತದ. ಜೂನದಾಗ ಊರಿಗೆ ಕಳಸ್ತೀನಿ. ಅವರಜ್ಜಿ ಕೂಡ ಇದ್ದು ಹೊಲಿಗಿ ಕಲೀಲಿ.”

“ಹಂಗ ಗಡಬಡ ಮಾಡಬ್ಯಾಡ್ರಿ ಮಲ್ಲಪ್ಪಾರ. ಆಟ ನೋಡಿ ಶಿಕ್ಷಣ ಬಿಡಸ್ತಾರೇನು?”

“ಆಟದಾಗೂ ಕಡೀಕ ಬರ್ತಾಳಲ್ರೀ,” ಎಂದರು ಅವರು. ಹೊಲಿಗೆ ಒಳ್ಳೆಯ ವಿದ್ಯೆಯೇ, ಆದರೆ ಸೋತೆನೆಂದು ನಂಬಿಕೊಂಡು ಹೋಗಿ ಕಲಿಯುವುದಕ್ಕಲ್ಲ ಅನ್ನಿಸಿ ನನಗೆ ಬಹಳ ಸಂಕಟವಾಯಿತು.

ಪಾಟೀಲ ಸರ್ ಅವರಿಗೆ ಪಟ್ಟಿ ಹಾಕುವುದು ಬೇಡವೆಂದೆ. ಪಾರದರ್ಶಕತೆ ಎಂದರು. ಸರಿ, ಪಟ್ಟಿಗೆ ಒಂದು ತಳ ಬೇಕೇ ಬೇಕೆಂದಾದರೆ ಆ ತಳಕ್ಕೆ ನಾನೇ ಯಾಕೆ ಹೋಗಬಾರದು? ಮುಂದಿನ ಶುಕ್ರವಾರ ಮೇಜಿನ ಮರೆಯಲ್ಲಿ ನನ್ನ ಮೊಬೈಲನ್ನು ಹಿಡಿದು, ‘ಬದನೆಕಾಯಿ’ ಎಂಬ ಹೆಸರಿನಿಂದ ಆಟಕ್ಕೆ ಸೇರಿಕೊಂಡೆ. ನಾನೇ ಬರೆದ ಪ್ರಶ್ನೆ, ನಾನೇ ಹುಡುಕಿದ ತಪ್ಪು ಉತ್ತರ. ಒಂದನ್ನೂ ಬಿಡದೆ ತಪ್ಪು ಒತ್ತಿದೆ. ಪಟ್ಟಿಯ ಕಡೆಗೆ ಬದನೆಕಾಯಿ, ಅದರ ಮೇಲೆ ಶ್ರಾವಣಿ. ಶ್ರಾವಣಿ ಪರದೆಯನ್ನು ಎರಡು ಸಲ ನೋಡಿದಳು. ಸಂಜೆ ಪಾಲಕರ ಗುಂಪಿನಲ್ಲಿ ಒಬ್ಬ ತಾಯಿ, ಬದನೆಕಾಯಿ ಹೊಸದಾಗಿ ಸೇರಿದ ಹುಡುಗನೇ, ಯಾವ ಊರಿನವರು ಎಂದು ಕೇಳಿದರು. ನಾನು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದೆ.

ನನ್ನ ಸಂಭ್ರಮ ಒಂದು ವಾರ ಬಾಳಿತು. ಎರಡನೆಯ ಶುಕ್ರವಾರ ಆಟ ಮುಗಿದು ಪರದೆ ಆರಿದ ಮೇಲೂ ನನ್ನ ಮೊಬೈಲು ಮೇಜಿನ ಕೆಳಗಿನಿಂದ ಅದೇ ಸಂಗೀತವನ್ನು ಬಾರಿಸುತ್ತಲೇ ಇತ್ತು. ಪ್ರತಿವಾರ ಮೊದಲು ಬರುವ ಸಮರ್ಥ ಎಂಬ ಹುಡುಗ ಬಗ್ಗಿ ನೋಡಿದ.

“ಟೀಚರ್! ಬದನೀಕಾಯಿ ನೀವೇನ್ರೀ?”

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಭೂಗೋಳದ ಟೀಚರಿಗೆ ಭೂಗೋಳದಲ್ಲಿ ಸೊನ್ನೆ ಬಂದ ಸುದ್ದಿ ಶಾಲೆಯ ಗೇಟು ದಾಟುವ ಮೊದಲೇ ಐದನೆಯ ತರಗತಿಯವರೆಗೆ ಮುಟ್ಟಿತ್ತು. ನಾನೂ ನಕ್ಕೆ. ಆ ನಗುವಿನ ನಡುವೆ ಹಿಂದಿನ ಬೆಂಚುಗಳಲ್ಲಿ ಏನೋ ಪಿಸುಪಿಸು ನಡೆದದ್ದನ್ನು ಗಮನಿಸಲಿಲ್ಲ.

ಅದರ ಮುಂದಿನ ಶುಕ್ರವಾರವೇ ಪಾಟೀಲ ಸರ್ ವರ್ಗ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಆಟ ಶುರುವಾಯಿತು. ಕೃಷ್ಣಾ ನದಿಯ ಉಗಮ ಎಲ್ಲಿ? ಬೇಸಿಗೆಗೊಮ್ಮೆ ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತಿಂದು ಬರುವ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಅದನ್ನು ಡಾರ್ಜಿಲಿಂಗಿನಲ್ಲಿ ಹುಟ್ಟಿಸಿದರು. ಥಾರ್ ಮರುಭೂಮಿ ಕೇರಳಕ್ಕೆ ಹೋಯಿತು. ಸಹ್ಯಾದ್ರಿ ಬಿಹಾರದಲ್ಲಿ ಎದ್ದು ನಿಂತಿತು. ಪ್ರತಿ ಪ್ರಶ್ನೆಯ ನಂತರ ಪರದೆ ಊಳಿಡುತ್ತಿತ್ತು, ಮಕ್ಕಳು ಅತಿ ಸಭ್ಯತೆಯಿಂದ ಕೈಕಟ್ಟಿ ಕೂತಿದ್ದರು. ಕೊನೆಗೆ ಪಟ್ಟಿ ಬಂತು. ಸಮರ್ಥನಿಂದ ಹಿಡಿದು ಎಲ್ಲರಿಗೂ ಸೊನ್ನೆ. ಎಲ್ಲರಿಗೂ ಎಂದೆನೇ? ಒಬ್ಬಳನ್ನು ಬಿಟ್ಟು. ತುತ್ತೂರಿ ಊದಿ, ಬಣ್ಣದ ಚೂರು ಸುರಿಸಿ ಆಟ ಘೋಷಿಸಿತು: ಪ್ರಥಮ ಸ್ಥಾನ, ಶ್ರಾವಣಿ, ಮೂರು ಸರಿ ಉತ್ತರ.

ಪಾಟೀಲ ಸರ್ ಮುಖ ಸುಣ್ಣ ಹಚ್ಚಿದ ಗೋಡೆಯಾಗಿತ್ತು. “ಏನ್ರೀ ಇದು?” ಎಂದರು.

ಸಮರ್ಥ ಎದ್ದು ನಿಂತ. “ಸರ್, ಟೀಚರ್ ಒಬ್ಬರ ಕಡೀಕ ಬಂದ್ರ ಅವರಿಗೆ ಬ್ಯಾಸರ ಆಗ್ತದಲ್ರೀ. ಅದಕ್ಕ ಎಲ್ಲಾರೂ ಸೊನ್ನಿ ತರೂಣು ಅಂತ ಮಾತಾಡಿದ್ವಿ.”

ಶ್ರಾವಣಿಯ ಮೇಲಿನ ಕರುಣೆಯಿಂದ ಮಕ್ಕಳು ಹೀಗೆ ಮಾಡಿದರು ಎಂದು ಬರೆಯಲು ನನಗೂ ಆಸೆಯಿದೆ. ಪ್ರಬಂಧಕ್ಕೆ ಶೋಭೆ ಬರುತ್ತಿತ್ತು. ನಿಜವೆಂದರೆ ಅದು ಶುದ್ಧ ತುಂಟತನ, ಗುರುವಿನಿಂದ ಶಿಷ್ಯರಿಗೆ ಇಳಿದು ಬಂದದ್ದು. ನಾನೂ ನಿಯಮಕ್ಕೆ ತಪ್ಪದೆ ಚಿತ್ರವನ್ನು ಗುಂಪಿಗೆ ಹಾಕಿದೆ. ಕ್ಷಣದಲ್ಲಿ ಗುಂಪಿಗೆ ಬೆಂಕಿ ಬಿತ್ತು. ಪಾಟೀಲ ಸರ್ ‘ತಾಂತ್ರಿಕ ಕಾರಣ’ ಎಂದು ಬರೆದು ಫೋನು ಬಂದ್ ಮಾಡಿದರು.

ಗಂಟೆ ಬಾರಿಸಿ ಮಕ್ಕಳು ಓಡಿದ ಮೇಲೆ ಶ್ರಾವಣಿ ಮೇಜಿನ ಹತ್ತಿರ ಬಂದಳು. ಗೆದ್ದ ಹುಡುಗಿಯ ಕಣ್ಣು ತುಂಬಿತ್ತು.

“ಟೀಚರ್, ನಾನೂ ತಪ್ಪ ಒತ್ತಬೇಕಂತನ ಒತ್ತೀನ್ರಿ. ಎಲ್ಲಾರಿಗೂ ಸೊನ್ನಿ ಬಂತು. ನನಗ ಸೊನ್ನಿ ತರಲಿಕ್ಕೂ ಬರಲಿಲ್ರಿ.”

ಹಿಂದೆ ಪಾಟೀಲ ಸರ್ ಅಂಗೈ ಮೇಲೆ ಬೆರಳಿನಿಂದ ಏನೋ ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, “ಖರೇ ಅದ,” ಎಂದರು. “ನಾಲ್ಕರಾಗ ಒಂದು ಸರಿ ಇರ್ತದ. ಕಣ್ಣ ಮುಚ್ಚಿ ಒತ್ತಿದ್ರೂ ಒಂದೆರಡು ಸರಿ ಬೀಳಬೇಕು. ಒಂದೂ ಸರಿ ಬೀಳಬಾರದು ಅಂದ್ರ ಎಲ್ಲಾ ಗೊತ್ತಿರಬೇಕು. ಇಡೀ ವರ್ಗಕ್ಕ ಪಾಠ ಬಂದದರೀ!” ಅವರ ಮುಖ ಪ್ರಮೇಯ ಸಾಧಿಸಿದವರ ಹಾಗೆ ಬೆಳಗುತ್ತಿತ್ತು.

ಹೌದಲ್ಲ! ಅಜ್ಞಾನ ಎಂದರೆ ಬರೀ ತಪ್ಪು ಎಂದು ನಾವು ತಿಳಿದಿದ್ದೇವೆ. ಅಜ್ಞಾನಿಯ ಕೈಗೆ ಅಷ್ಟೊಂದು ಶಿಸ್ತಿಲ್ಲ. ಅವನು ಆಗಾಗ ಎಡವಿ ಸರಿ ಉತ್ತರದ ಮೇಲೂ ಬೀಳುತ್ತಾನೆ. ಒಂದಿಷ್ಟೂ ಆಚೀಚೆಯಾಗದಂತೆ ತಪ್ಪು ಹೇಳುವುದಕ್ಕೆ ಸರಿ ಎಲ್ಲಿದೆ ಎಂಬುದು ಖಚಿತವಾಗಿ ಗೊತ್ತಿರಬೇಕು. ಚಾಡಿ ಹೇಳುವವರು, ಸುಳ್ಳು ಸುದ್ದಿ ಹಬ್ಬಿಸುವವರು ಇದನ್ನು ಎಂದೋ ಕಂಡುಕೊಂಡಿದ್ದಾರೆ, ಶಿಕ್ಷಣ ಇಲಾಖೆಗೆ ಮಾತ್ರ ಇನ್ನೂ ತಿಳಿದಿಲ್ಲ. ನಾನು ಶ್ರಾವಣಿಯ ಕಣ್ಣೊರೆಸಿ ಹೇಳಿದೆ: “ಸೊನ್ನಿ ತರೂದು ಭಾಳ ಕಠಿಣ ವಿದ್ಯಾ ನೋಡವಾ. ಮುಂದಿನ ಶುಕ್ರವಾರ ಅದನ್ನ ಆಡೂಣು. ಯಾರಿಗೆ ಒಂದು ಸರಿ ಬಿತ್ತೋ ಅವರು ಸೋತಂಗ.” ಪಾಟೀಲ ಸರ್ ಬೇಡ ಎನ್ನಲಿಲ್ಲ.

ಆ ವಾರ ಶ್ರಾವಣಿ ಓದಿದ ಹಾಗೆ ಯಾರೂ ಓದಿರಲಿಕ್ಕಿಲ್ಲ. ಮೊದಲು ತಪ್ಪು ಉತ್ತರಗಳನ್ನೇ ಬಾಯಿಪಾಠ ಮಾಡಲು ಹೊರಟಳಂತೆ; ಅವಕ್ಕೆ ಲೆಕ್ಕವಿಲ್ಲ, ಸರಿ ಉತ್ತರ ಒಂದೊಂದೇ, ಅದನ್ನು ನೆನಪಿಟ್ಟುಕೊಂಡು ತಪ್ಪಿಸಿಕೊಳ್ಳುವುದೇ ಸುಲಭ ಎಂದು ಅವಳೇ ಕಂಡುಕೊಂಡಳು. ಸರಿ ಒತ್ತಲು ಅವಸರ ಬೇಕು, ತಪ್ಪು ಒತ್ತಲು ಯಾರೂ ಓಡಿಸುತ್ತಿರಲಿಲ್ಲ. ಬಿಡುವಿನಲ್ಲಿ ನೀರಿನ ನಲ್ಲಿಯ ಹತ್ತಿರ ಸಮರ್ಥ “ಚಹಾದ ತ್ವಾಟ?” ಎಂದು ಕೂಗಿದರೆ ಅವಳು “ಜೈಸಲ್ಮೇರ್!” ಎನ್ನುತ್ತಿದ್ದಳು. ನಾನು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟು ಗಟ್ಟಿಯಾದ ದನಿ ಅವಳಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಬಂತು, ಹೊಟ್ಟೆನೋವು ಬರಲಿಲ್ಲ. ಪ್ರಶ್ನೆಗಳು ಒಂದೊಂದಾಗಿ ಸರಿದವು. ಕೊನೆಯದು ಚಿಲ್ಕಾ ಸರೋವರ ಎಲ್ಲಿದೆ ಎಂಬುದು. ಎಲ್ಲರೂ ಒತ್ತಿದರು, ಶ್ರಾವಣಿಯ ಬೆರಳು ಟ್ಯಾಬಿನ ಮೇಲೆ ಸುಳಿದಾಡುತ್ತಲೇ ಇತ್ತು. ಒತ್ತದೆ ಬಿಟ್ಟರೂ ಸೊನ್ನೆಯೇ, ಆದರೆ ಅದು ಮೋಸ ಎಂದು ವರ್ಗವೇ ನಿಯಮ ಮಾಡಿತ್ತು. ತಪ್ಪು ಒತ್ತಲಪ್ಪಾ ದೇವರೇ ಎಂದು ಟೀಚರೊಬ್ಬಳು ಬೇಡಿಕೊಂಡದ್ದು ಅದೇ ಮೊದಲಿರಬೇಕು. ಅವಳು ಒತ್ತಿದಳು. ಪಟ್ಟಿ ಮೂಡಿತು. ಮೇಲಿನಿಂದ ಕೆಳಗಿನವರೆಗೆ ಸೊನ್ನೆ, ಶ್ರಾವಣಿಯ ಮುಂದೆಯೂ ದುಂಡನೆಯ ಸೊನ್ನೆ. ವರ್ಗ ಹಾಕಿದ ಕೇಕೆಗೆ ಪಕ್ಕದ ಕೋಣೆಯ ಪಾಠ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಾಕೆ ಮುಚ್ಚಿಡಲಿ? ಚಿತ್ರವನ್ನು ಹೆಮ್ಮೆಯಿಂದ ಗುಂಪಿಗೆ ಕಳಿಸಿದೆ.

ಮನೆ ಮುಟ್ಟಿ ಚಪ್ಪಲಿ ಬಿಡುವಷ್ಟರಲ್ಲಿ ಮಲ್ಲಪ್ಪನವರ ಫೋನು.

“ಅಕ್ಕೋರ, ನಿಮ್ಮ ಸಾಲ್ಯಾಗ ಏನ್ ನಡದದ್ರೀ? ಹ್ವಾದ ವಾರ ಮಗಳು ಮೊದಲ ನಂಬರ್ ಬಂದಾಳಂತ ಕಾರ್ಖಾನ್ಯಾಗ ಪೇಢೆ ಹಂಚೀನಿ. ಈ ವಾರ ನೋಡಿದ್ರ ಸೊನ್ನಿ!”

“ಹ್ವಾದ ವಾರದ್ದು ತಪ್ಪಾತ್ರಿ ಮಲ್ಲಪ್ಪಾರ. ಪೇಢೆ ಈ ವಾರ ಹಂಚಬೇಕಾಗಿತ್ತು,” ಎಂದು ಆದದ್ದನ್ನೆಲ್ಲ ವಿವರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಫೋನು ಹಿಡಿದುಕೊಂಡೇ ಮಗಳನ್ನು ಕರೆದರು.

“ಶ್ರಾವಣಿ, ನಮ್ಮ ಊರ ಕಡೆ ಹರೀತದಲ್ಲ ಭೀಮಾ ನದಿ, ಅದು ಎಲ್ಲಿ ಹುಟ್ಟತದವಾ?”

ಆಮೇಲೆ ಹುಡುಗಿಯ ದನಿ: “ಕಾಶ್ಮೀರದಾಗ, ಪಪ್ಪಾ.”

“ಕೇಳಿದ್ರೇನ್ರೀ ಅಕ್ಕೋರ? ನಾ ಹೇಳಲಿಲ್ಲಾ?”

“ಆಕಿ ನಗಾಕತ್ತಾಳೇನ್ ನೋಡ್ರಿ.”

“ಹೌದ್ರಿ, ಬಾಯಿಗೆ ಕೈ ಇಟ್ಕೊಂಡು ನಗಾಕತ್ತಾಳ.”

“ಹಂಗಾದ್ರ ಆಕಿಗೆ ಗೊತ್ತದ.”

ಭೀಮಾಶಂಕರ ಎಂದು ಮಗಳು ಹಿಂದಿನಿಂದ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಮಲ್ಲಪ್ಪ ಫೋನನ್ನು ಮತ್ತೆ ಬಾಯಿಗೆ ಹಿಡಿದರು.

“ಅಕ್ಕೋರ, ಜೂನದಾಗ ಒಂಬತ್ತನೇ ಇಯತ್ತೆ ಪುಸ್ತಕ ಸಾಲ್ಯಾಗ ಕೊಡ್ತಾರೇನ್ರಿ, ಪ್ಯಾಟ್ಯಾಗ ತರಬೇಕೇನ್ರಿ?”