ಸೂರಿಗೇರಿದ ನೀಲಿ ಚಪ್ಪಲಿ

ಶೀಟು ಮೇಸ್ತ್ರಿ ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ಊರವರ ತಲೆಯ ಮೇಲೆಯೇ ಓಡಾಡಿದ ಮನುಷ್ಯ, ಈಗ ನಾಲ್ಕು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾನೆ. ಆದರೂ ಮಗಳು ಹಳೆಯ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡಲು ಹೊರಟಾಗ, "ಅಪ್ಪಾ, ನೀನೊಮ್ಮೆ ಸೂರು ನೋಡಿ ಹೇಳು" ಎಂದು ಕರೆತಂದಳು. ಅವಳ ಹನ್ನೆರಡು ವರ್ಷದ ಉಳಿತಾಯ ಆ ಮನೆಗೆ ಹೋಗುವುದಿತ್ತು.

ಮುಂಭಾಗಕ್ಕೆ ಹೊಸ ಕಲ್ಲು, ಹೊಸ ಬಾಗಿಲು ಬಂದಿದ್ದರಿಂದ ಮೇಸ್ತ್ರಿಗೆ ಬೀದಿಯಿಂದ ಏನೂ ಗುರುತು ಹತ್ತಲಿಲ್ಲ. ಹಿಂದಿನ ಕೋಣೆಯ ಒಳಸೂರಿಗೆ ದಪ್ಪಗೆ ಬಿಳಿ ಬಣ್ಣ ಬಳಿದಿತ್ತು. "ಬರೀ ಸಿಮೆಂಟ್ ಹಲಗೆ ಸಾರ್, ಏನೂ ಭಯ ಇಲ್ಲ," ಎಂದ ದಲ್ಲಾಳಿ. ಮಗಳು ಆಗಲೇ ಬೆರಳು ತೋರಿಸುತ್ತಿದ್ದಳು: "ಇಲ್ಲಿ ನಾಲ್ಕು ಲೈಟು, ನಡುವೆ ಫ್ಯಾನು. ಪತ್ರ ಆದ ಮರುದಿನವೇ ಡ್ರಿಲ್ ಹಾಕಿಸ್ತೀನಿ."

ಮೇಸ್ತ್ರಿ ಸೂರಿನತ್ತ ಟಾರ್ಚು ಹಾಯಿಸಿದ. ಮೂಲೆಯ ಸ್ಕ್ರೂ ಒಂದರ ಸುತ್ತ ಬಣ್ಣ ಉದುರಿ, ನೀಲಿ ರಬ್ಬರಿನ ಉಂಗುರ ಇಣುಕುತ್ತಿತ್ತು.

ಆ ನೀಲಿ ಅವನ ಹೆಂಡತಿಯ ಚಪ್ಪಲಿಯದು. ಸ್ಕ್ರೂ ಬಿಗಿದರೆ ಶೀಟು ಬಿರಿಯುತ್ತದೆಂದು ಅವನು ಗೊಣಗಿದಾಗ, ಕಿತ್ತುಹೋದ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಕೊಟ್ಟವಳು ಅವಳು. ಮದುವೆಯಾದ ಹೊಸತು, ಆಳಿನ ಕೆಲಸವೂ ಅವಳದೇ. ಅವನು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟಿಗೆ ಗರಗಸ ಹಾಕಿದರೆ ಅವಳು ಧೂಳೇಳದಂತೆ ತೂತು ಡಬ್ಬಿಯಿಂದ ನೀರು ಬಿಡುತ್ತಿದ್ದಳು. ದೊಡ್ಡ ಜ್ಞಾನವೇನಲ್ಲ, ಗಂಡನ ಅಂಗಿಯ ಧೂಳು ಒಗೆದೊಗೆದು ರೋಸಿಹೋಗಿತ್ತು, ಅಷ್ಟೆ. ಉಳಿದ ಕೆಲಸಗಾರರಿಗೆ ಅದೇ ತಮಾಷೆ: "ಏನಯ್ಯ, ಗರಗಸಕ್ಕೂ ಸ್ನಾನಾನಾ? ಬೆನ್ನುಜ್ಜೋದು ಯಾವಾಗ?" ನಕ್ಕವರಲ್ಲಿ ಮೂವರು ಮುಂದೆ ಕೆಮ್ಮಿ ಕೆಮ್ಮಿಯೇ ಹೋದರು. ಅವಳು ಹೋದದ್ದು ಮೊನ್ನೆ ಮೊನ್ನೆ, ನಿದ್ದೆಯಲ್ಲಿ, ಒಂದು ಕೆಮ್ಮೂ ಇಲ್ಲದೆ.

ಎಂಥ ದಿನಗಳವು! ಕೆಲಸ ಮುಗಿದ ಮಧ್ಯಾಹ್ನ ಇದೇ ಕೋಣೆಯ ನೆಲದ ಮೇಲೆ ಒಂದೇ ಡಬ್ಬಿಯಿಂದ ಇಬ್ಬರೂ ಉಂಡಿದ್ದರು. ಅವಳು ಅಂಗಾತ ಮಲಗಿ, "ನೋಡ್ರೀ, ಇನ್ಮೇಲೆ ನನ್ನ ಚಪ್ಪಲಿ ಎಲ್ಲರ ತಲೆ ಮೇಲೆ!" ಎಂದು ನಕ್ಕಿದ್ದಳು.

ಮೇಸ್ತ್ರಿಗೆ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಅವಳ ಕೈಕೆಲಸ ಕಿತ್ತುಹೋಗುತ್ತದೆ, ಇಬ್ಬರೂ ಸೇರಿ ಮಾಡಿದ್ದರಲ್ಲಿ ಅವನ ಕಣ್ಣಿಗೆ ಬಿದ್ದು ಉಳಿದದ್ದು ಇದೊಂದೇ. ಹೇಳದಿದ್ದರೆ ಡ್ರಿಲ್ಲಿನ ಧೂಳು ಮಗಳ ಎದೆಗಿಳಿಯುತ್ತದೆ.

"ತೂತು ಹಾಕಿಸಬೇಡ ಮಗಳೇ. ಇದು ಕಲ್ನಾರು. ಹಾಕಿದ್ದು ನಾನು, ನಿಮ್ಮಮ್ಮ."

ದಲ್ಲಾಳಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಪರೀಕ್ಷೆಗೆ ಕಳಿಸಿದ ಚೂರೂ ಅದನ್ನೇ ಹೇಳಿತು. ತೆಗೆಸುವ ಖರ್ಚು ಮಾರುವವನದೇ ಎಂದು ಒಪ್ಪಿಸಿ ಮಗಳು ಮನೆ ಕೊಂಡಳು.

ಶೀಟು ತೆಗೆಯುವ ದಿನ ಮೇಸ್ತ್ರಿ ಮಗಳೊಂದಿಗೆ ಹಿಂದಿನ ಓಣಿಯಲ್ಲಿ ನಿಂತ. "ಒಂದೇ ಒಂದು ನೀಲಿ ಉಂಗುರ ಕೊಡ್ತೀರಾ?" ಎಂದು ಕೆಲಸದವರ ಮುಖಂಡನನ್ನು ನಾಚಿಕೆ ಬಿಟ್ಟು ಕೇಳಿದ.

"ಆಗಲ್ಲ ಯಜಮಾನ್ರೇ. ಅದಕ್ಕೂ ಧೂಳು ಹತ್ತಿರುತ್ತೆ, ಎಲ್ಲಾ ಚೀಲದೊಳಗೇ ಹೋಗ್ಬೇಕು."

ಮುಚ್ಚಿದ ಕಿಟಕಿಯ ಗಾಜಿನಾಚೆ ಮುಸುಕು ಹಾಕಿದವನೊಬ್ಬ, ಸ್ಕ್ರೂ ಮುಟ್ಟುವ ಮೊದಲು, ಶೀಟಿಗೆ ನೀರು ಸಿಂಪಡಿಸತೊಡಗಿದ. ಮೇಸ್ತ್ರಿ ಬಹಳ ಹೊತ್ತು ನೋಡಿ, ಮಗಳ ಕೈ ಹಿಡಿದುಕೊಂಡ.

"ಇನ್ನೂ ಸ್ವಲ್ಪ ನೀರು ಬಿಡೋಕೆ ಹೇಳಮ್ಮ. ನಿಮ್ಮಮ್ಮ ಇದ್ದಿದ್ರೆ ಸಾಲದು ಅನ್ನೋಳು."