ನನ್ನ ವಾದ ಬರೆದಿಟ್ಟವರು

ಅವರ ಮಾನಿಟರಿನ ಗಾಜಿನ ನಡುವೆ ಮೂಗಿನ ತುದಿಯಷ್ಟಗಲದ ಒಂದು ಜಿಡ್ಡಿನ ಕಲೆ ಇತ್ತು. ದಪ್ಪ ಕನ್ನಡಕ ಹಾಕಿಕೊಂಡೂ ಪರದೆಗೆ ಅಷ್ಟು ಹತ್ತಿರ ಬಾಗಿ ಓದುತ್ತಿದ್ದರು. ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದ ಕಣ್ಣುಗಳು ಅವು. ಪ್ರೆಸ್ ಮುಚ್ಚಿದ ಮೇಲೆ, ಐವತ್ತರ ಹತ್ತಿರದಲ್ಲಿ, ಇಂದಿರಾನಗರದ ಹಳೇ ಬಂಗಲೆಯಲ್ಲಿದ್ದ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಬಂದಿದ್ದರು. ಹಲಸೂರಿನಿಂದ ನಡೆದೇ ಬರುವರು. ಕಂಪ್ಯೂಟರನ್ನು ತಮಿಳಿನಲ್ಲಿ ಬೈಯುವರು, ನಮ್ಮನ್ನು ಕನ್ನಡದಲ್ಲಿ. ನಮಗೆಲ್ಲ ಅವರು ಬರೀ ‘ಸರ್’.

ಸಾಫ್ಟ್‌ವೇರ್ ಬಳಸುವವರು ದಾರಿ ಕಾಣದೆ ಎಫ್-ಒನ್ ಒತ್ತಿದರೆ ತೆರೆದುಕೊಳ್ಳುತ್ತದಲ್ಲ ‘ಹೆಲ್ಪ್’, ಅದನ್ನು ಬರೆಯುವುದು ನಮ್ಮ ಕೆಲಸ. ಅದರ ಒಂದೊಂದು ಪುಟವೂ ಒಂದು ಟಾಪಿಕ್. ಒಂದೊಂದು ಟಾಪಿಕ್ಕಿಗೂ ಪ್ರಾಪರ್ಟೀಸ್ ಎಂಬ ಕಿಟಕಿ. ಬರೆದವರ ಹೆಸರು, ಕೆಲಸ ಯಾವ ಹಂತದಲ್ಲಿದೆ, ಕೊನೆಗೆ ಷರಾ ಬರೆಯಲೊಂದು ಜಾಗ. ಓದುವವರಿಗೆ ಇದ್ಯಾವುದೂ ಕಾಣದು. ಸರ್ ಮಾತ್ರ ಒಂದನ್ನೂ ಖಾಲಿ ಬಿಡಗೊಡುತ್ತಿರಲಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು ತಂದ ನಾನು ಸುಮ್ಮನಿರುವವಳೇ?

“ಯಾರೂ ನೋಡ್ದೇ ಇರೋದನ್ನ ಯಾಕ್ ತುಂಬ್ಬೇಕು ಸರ್? ಒಂದು ಕಾರಣ ಕೊಡಿ.”

“ಒಂದ್ ಕೊಟ್ರೆ ನೀನು ಮೂರು ವಾಪಸ್ ಎಸೀತೀಯ, ಲಾಯರಮ್ಮ. ತುಂಬು, ಆಮೇಲೆ ಟೀ ಕುಡಿಯೋಣ.”

“ಇದು ಉತ್ತರ ಅಲ್ಲ.”

“ಅಲ್ಲ. ಟೀ.”

ಟೀ ಅಂಗಡಿಯಲ್ಲೂ ನಾನು ಬಿಡುತ್ತಿರಲಿಲ್ಲ. ಅವರು ಬನ್ ಅದ್ದಿ ತಿನ್ನುತ್ತ ಕೇಳುವರು, ತಲೆಯಾಡಿಸುವರು, ಸೋತವರಂತೆಯೇ ಕಾಣುವರು. ವಾಪಸ್ ಬಂದು ಏನೋ ಟೈಪ್ ಮಾಡುವರು. ನಾನು ಗೆದ್ದೆ ಅಂದುಕೊಳ್ಳುತ್ತಿದ್ದೆ.

ಆಗ ಆಸ್ಪತ್ರೆಯ ಲ್ಯಾಬುಗಳಿಗೆಂದು ಒಂದು ಸಾಫ್ಟ್‌ವೇರ್ ತಯಾರಾಗುತ್ತಿತ್ತು. ರಕ್ತದ ಸೀಸೆಗೆ ಅಂಟಿಸುವ ಲೇಬಲ್ಲಿನ ಟಾಪಿಕ್ ನನ್ನದು. ಮೊದಲು ರೋಗಿಯ ವಿವರ ಸೇವ್ ಮಾಡಿ, ಆಮೇಲೆ ಲೇಬಲ್ ಪ್ರಿಂಟ್ ಮಾಡಿ ಎಂದು ಬರೆದಿದ್ದೆ. ಇಂಜಿನಿಯರ್ ಕೊಟ್ಟ ಟಿಪ್ಪಣಿಯಲ್ಲಿ ಇದು ಹಿಂದುಮುಂದಾಗಿತ್ತು. ಸರ್ ಟಿಪ್ಪಣಿಯನ್ನೇ ನಂಬಿದರು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಹಿರಿತನ ಚಲಾಯಿಸಿ ಕ್ರಮವನ್ನು ಅವರೇ ಬದಲಿಸಿದರು.

ತಿಂಗಳಾದ ಮೇಲೆ, ನನ್ನ ಕೆಲಸ ಖಾಯಂ ಆಗಬೇಕಿದ್ದ ವಾರವೇ, ಪರೀಕ್ಷೆಗೆಂದು ಅದನ್ನು ಬಳಸುತ್ತಿದ್ದವರಿಂದ ದೂರು ಬಂತು: ಹೆಲ್ಪಿನಲ್ಲಿ ಹೇಳಿದಂತೆ ಮಾಡಿದರೆ ಲೇಬಲ್ಲಿನ ಮೇಲೆ ಹಿಂದಿನ ರೋಗಿಯ ಹೆಸರು ಬೀಳುತ್ತಿದೆ. ಪುಣ್ಯಕ್ಕೆ ಸೀಸೆಗಳಲ್ಲಿದ್ದದ್ದು ಬಣ್ಣದ ನೀರು. ಆದರೂ ಮ್ಯಾನೇಜರ್ ಕೆಂಡವಾದರು.

“ಇದನ್ನ ಬರೆದೋರು ಯಾರ್ರೀ? ಇಂಥೋರನ್ನ ಕನ್ಫರ್ಮ್ ಮಾಡ್ಬೇಕಾ ನಾನು?”

ಬರೆದವರ ಜಾಗದಲ್ಲಿ ಇದ್ದದ್ದು ನನ್ನ ಹೆಸರು. ನಾನು ಹೇಳಿದ್ದೇ ಬೇರೆ ಎನ್ನಬಹುದಿತ್ತು, ಸಾಕ್ಷಿ ಎಲ್ಲಿ? ಸಾಕ್ಷಿಯಿಲ್ಲದೆ ಮಾತಾಡುವವರನ್ನು ವೇದಿಕೆಯ ಮೇಲೆ ನಾನೇ ಎಷ್ಟು ಸಲ ಹರಿದು ಹಾಕಿರಲಿಲ್ಲ!

“ಇಲ್ಲಿ ಬನ್ನಿ ಸ್ವಲ್ಪ,” ಎಂದರು ಸರ್. ಆ ಟಾಪಿಕ್ಕಿನ ಪ್ರಾಪರ್ಟೀಸ್ ತೆರೆದು, ಮ್ಯಾನೇಜರಿಗೆ ಕಾಣಲೆಂದು ಕುರ್ಚಿ ಹಿಂದಕ್ಕೆ ಸರಿಸಿದರು. ಷರಾ ಜಾಗದಲ್ಲಿ, ಅವರ ಚೊಕ್ಕ ಇಂಗ್ಲಿಷಿನಲ್ಲಿ, ನನ್ನ ವಾದ ಪೂರ್ತಿ ಇತ್ತು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅದರ ಕೆಳಗೆ: ನಾನು ಒಪ್ಪಲಿಲ್ಲ, ಕ್ರಮ ಬದಲಿಸಿದವನು ನಾನು. ಇನಿಷಿಯಲ್, ತಾರೀಖು.

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. “ನಿಮ್ಮ ಮೇಲೆ ನೀವೇ ಕಂಪ್ಲೇಂಟ್ ಬರ್ಕೊಂಡಿದ್ದೀರಲ್ಲ ಸರ್!”

“ಪ್ರೆಸ್ಸಲ್ಲಿ ಪ್ರೂಫ್ ಪಾಸ್ ಮಾಡಿದೋನು ಸೈನ್ ಹಾಕ್ಬೇಕಿತ್ತು ರೀ. ಇಲ್ದಿದ್ರೆ ಅಚ್ಚಿನ ಮೊಳೆ ಜೋಡಿಸಿದೋನಿಗೆ ಬೈಗುಳ ಬೀಳ್ತಿತ್ತು. ಈ ಹುಡುಗಿ ಸರಿಯಾಗೇ ಹೇಳಿದ್ಲು. ನಾನ್ ಕೇಳ್ಲಿಲ್ಲ.” ನನ್ನ ಕಡೆ ತಿರುಗಿದರು. “ಏನ್ ನಿಂತಿದೀಯ? ಸರಿ ಮಾಡು ಹೋಗು.”

ಸರಿ ಮಾಡಿದೆ. ಆಮೇಲೆ ಉಳಿದ ಟಾಪಿಕ್ಕುಗಳ ಷರಾ ಜಾಗವನ್ನೂ ಒಂದೊಂದಾಗಿ ತೆರೆದು ನೋಡಿದೆ. ಟೀ ಅಂಗಡಿಯ ನನ್ನ ವಾದಗಳೆಲ್ಲ ಅಲ್ಲಿದ್ದವು. ಮೂರ್ನಾಲ್ಕು ಕಡೆ ‘ಹುಡುಗಿ ಹೇಳಿದ್ದೇ ಸರಿ’. ಮಿಕ್ಕೆಡೆಯೆಲ್ಲ ‘ಹುಡುಗಿ ತಪ್ಪು, ಆದರೆ ಪ್ರಶ್ನೆ ಒಳ್ಳೆಯದು’.

ಕೆಲಸ ಖಾಯಮಾಯಿತು. ಸರ್ ನಿವೃತ್ತರಾದ ಎರಡನೇ ವರ್ಷ ತೀರಿಕೊಂಡರು. ಎದುರಾಳಿಯ ಮಾತನ್ನು ಒಡೆಯುವುದು ನನಗೆ ಮೊದಲೇ ಗೊತ್ತಿತ್ತು. ಅದನ್ನು ಕೆಡದಂತೆ ಎತ್ತಿಡುವುದನ್ನು ಕಲಿಸಿದವರು ಅವರು.

ಈಗ ನನ್ನ ಕೈಕೆಳಗೂ ಬರೆಯುವವರಿದ್ದಾರೆ. ಮೊನ್ನೆ ಹೊಸಬಳೊಬ್ಬಳು ಜೋರಾಗಿ ವಾದಕ್ಕೆ ನಿಂತಳು. ನಾನು ಒಪ್ಪಲಿಲ್ಲ. ಅವಳ ಎದುರಿಗೇ ಪ್ರಾಪರ್ಟೀಸ್ ತೆರೆದು ಅವಳ ಮಾತು ಬರೆಯತೊಡಗಿದೆ. ಹೆಗಲ ಮೇಲಿಂದ ಬಗ್ಗಿ ಓದಿದವಳು ಅಂದಳು:

“ಮೇಡಂ, ಇನ್ನೊಂಚೂರು ಗಟ್ಟಿಯಾಗಿ ಬರೀರಿ. ನಾನು ಅಷ್ಟು ಮೆತ್ತಗೆ ಹೇಳ್ಲಿಲ್ಲ.”

ಅಳಿಸಿ, ಗಟ್ಟಿಯಾಗಿ ಬರೆದೆ.